ಮಲ್ಪೆಯನ್ನು ಕಂಡುಹಿಡಿದವರು

ಉಡುಪಿಯ ಬಳಿಯ ಮಲ್ಪೆಯನ್ನು ಮತ್ತೊಬ್ಬ ಪ್ರವಾಸ ಲೇಖಕರು ಕಂಡುಹಿಡಿದಿದ್ದಾರೆ. ಅವರ ಲೇಖನವನ್ನು ನೀವೂ ಓದಿರುತ್ತೀರಿ. ‘ಜನ ಕಾಣದ ಕಡಲತಡಿ’ ಎಂದು ತಲೆಬರಹ. ಅದರ ಕೆಳಗಿನ ಚಿತ್ರದಲ್ಲಿ ಮರಳೇ ಕಾಣದಷ್ಟು ಜನ. 1498ರಲ್ಲಿ ಎದುರಿನ ಸೈಂಟ್ ಮೇರಿಸ್ ದ್ವೀಪಕ್ಕೆ ಇಳಿದು ಹೆಸರಿಟ್ಟನೆಂಬ ಪ್ರತೀತಿಯುಳ್ಳ ವಾಸ್ಕೊ ಡ ಗಾಮನಿಗೂ ಇಷ್ಟು ಧೈರ್ಯ ಇದ್ದಿರಲಿಕ್ಕಿಲ್ಲ.

ಪ್ರವಾಸ ಲೇಖಕರ ಬಾಳು ಬಂಗಾರವಾಗಿದೆ, ಆಗಲಿ. ರೆಸಾರ್ಟಿನವರು ಕೋಣೆ ಕೊಡುತ್ತಾರೆ, ಇನ್ಯಾರೋ ಕಾರು ಕೊಡುತ್ತಾರೆ. ಉಂಡ ಮನೆಯ ಋಣ ಎನ್ನುವುದೊಂದು ಇದೆಯಲ್ಲ! ಹಾಗಾಗಿ ಮೀನಿನ ಗಸಿಗೆ ಉಪ್ಪು ಹೆಚ್ಚಾದರೆ ಅದು ಕರಾವಳಿಯ ಸೊಗಡು, ಕರೆಂಟು ಹೋದರೆ ಗ್ರಾಮೀಣ ನೆಮ್ಮದಿ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಎಂದು ಎಲ್ಲರೂ ಬರೆಯುತ್ತಾರೆ. ನಡುವಿನ ಹೆದ್ದಾರಿ 66ರ ಹೊಂಡಗಳು ಮಾತ್ರ ಯಾರ ಸೊಂಟಕ್ಕೂ ತಾಗಿದಂತಿಲ್ಲ.

ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯೊಬ್ಬ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಾಣಲು ಬಂದಿದ್ದ. ರಾಣಿ ಸಿಕ್ಕಿದ್ದು ಸಿಂಹಾಸನದ ಮೇಲಲ್ಲ, ಮಂಗಳೂರಿನ ಬಳಿಯ ಮಣೇಲಿನ ದಾರಿಯಲ್ಲಿ. ಬರಿಗಾಲಿನಲ್ಲಿ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಅವನು ಕಂಡದ್ದನ್ನು ಕಂಡಂತೆ ಬರೆದ. ಇಂದಾಗಿದ್ದರೆ ರಾಣಿಯ ಪ್ರಚಾರದವರು ಮೊದಲು ಕಾಲಿಗೆ ಚಪ್ಪಲಿ ತೊಡಿಸಿ, ಕೆಸರು ಕಾಣದ ಜಾಗ ಹುಡುಕಿ ನಿಲ್ಲಿಸುತ್ತಿದ್ದರು. 1801ರಲ್ಲಿ ನಾಡಿನ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್, ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತಿನ್ನುತ್ತಿದ್ದವನೇ, ಕಂಪನಿಯ ಕಣ್ಣು ಕಂದಾಯದ ಮೇಲೆಯೇ. ಆದರೂ ಅವನು ಗದ್ದೆಯ ಬದುವಿನಲ್ಲಿ ನಿಂತು ಬೆಳೆ, ಗೇಣಿ, ಕೂಲಿ ಎಲ್ಲವನ್ನೂ ಕೇಳಿ ಬರೆದುಕೊಂಡ. ನಮ್ಮವರು ಕೇಳುವುದು ವೈಫೈ ಪಾಸ್‌ವರ್ಡ್.

2022ರ ಮೇ ತಿಂಗಳಲ್ಲಿ ಮಲ್ಪೆಯ ತೇಲುಸೇತುವೆ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಅಲೆಗೆ ಕಳಚಿಕೊಂಡದ್ದು ಊರಿಗೆಲ್ಲ ಗೊತ್ತು. ಅದನ್ನು ಬರೆದವರು ಸ್ಥಳೀಯ ವರದಿಗಾರರು. ಪಾಪ, ಅವರಿಗೆ ಯಾರೂ ಕೋಣೆ ಕೊಟ್ಟಿರಲಿಲ್ಲ.

ಇಲ್ಲಿಯವರೆಗಿನದು ನಗುವ ಮಾತು. ‘ಆಷಾಢದ ಕಡಲನ್ನು ಮುಟ್ಟಿಯೇ ನೋಡಬೇಕು’ ಎಂದು ಆ ಮಹಾಶಯರು ಬರೆದಿದ್ದಾರಲ್ಲ, ಅದಕ್ಕೆ ನನಗೆ ನಗು ಬರುವುದಿಲ್ಲ. ಮಳೆಗಾಲದಲ್ಲಿ ಸೈಂಟ್ ಮೇರಿಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ದಡದುದ್ದಕ್ಕೂ ಬಲೆ ಕಟ್ಟಿ, ಕೆಂಪು ಬಾವುಟ ನೆಟ್ಟಿರುತ್ತಾರೆ. ನಾಡದೋಣಿಯ ಮೊಗವೀರರೇ ಅಲೆ ನೋಡಿ ಹಿಂದೆ ಸರಿಯುತ್ತಾರೆ. ಅವರು ಇಳಿಯದ ನೀರಿಗೆ ಘಟ್ಟದ ಮೇಲಿನ ಹುಡುಗರು ಇಳಿಯುತ್ತಾರೆ. ಆಮೇಲೆ ಹೆಣ ಹುಡುಕಲು ಅದೇ ಮೊಗವೀರರು ಜೀವ ಪಣಕ್ಕಿಟ್ಟು ಹೋಗಬೇಕು. ಪ್ರತಿ ಮಳೆಗಾಲವೂ ಇದೇ ಗೋಳು. ಸಾಕಾಗಿದೆ. ನೀರಿಗೆ ಇಳಿಯಬೇಡಿ ಎಂದು ಬರೆಯಲು ಎಷ್ಟು ಜಾಗ ಬೇಕಿತ್ತು ಸ್ವಾಮಿ? ಕಾಟೇಜಿನ ಕಿಟಕಿ ಪರದೆಯ ಬಣ್ಣಕ್ಕೇ ಎರಡು ಪ್ಯಾರಾ ಸಿಕ್ಕಿತ್ತಲ್ಲ.