ಕರೆಂಟ್ ಹೋಗಲೇ ಇಲ್ಲ!

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಬಡಾವಣೆಯಲ್ಲಿ ಕರೆಂಟ್ ಇರುವುದಿಲ್ಲ ಅಂತ ಪೇಪರಿನಲ್ಲಿ ಬಂದಿತ್ತು. ಸರಿ, ಕೋಳಿ ಕೂಗುವ ಮೊದಲೇ ನಮ್ಮನೆ ಮಿಕ್ಸಿ ಕೂಗಿತು. ಚಟ್ನಿ, ಹುಳಿಗೆ ಮಸಾಲೆ, ನಾಳೆಯ ದೋಸೆಹಿಟ್ಟು. ಸಂಪಿನ ನೀರು ಟ್ಯಾಂಕಿಗೇರಿ, ತುಂಬಿ, ಮೋರಿಗೂ ಹರಿಯಿತು. ಫೋನುಗಳೆಲ್ಲ ಚಾರ್ಜಿಗೆ ಬಿದ್ದವು, ವಾರದ ಬಟ್ಟೆ ಇಸ್ತ್ರಿಯಾಯಿತು.

ಹತ್ತು ಹೊಡೆಯಿತು. ಫ್ಯಾನ್ ತಿರುಗುತ್ತಲೇ ಇತ್ತು. ಹನ್ನೊಂದಕ್ಕೂ ತಿರುಗುತ್ತಿತ್ತು. ಹನ್ನೆರಡಕ್ಕೆ ನನ್ನ ಹೆಂಡತಿ ಅದನ್ನೇ ದುರುಗುಟ್ಟಿ ನೋಡುತ್ತಾ, "ತೆಗೀತೀವಿ ಅಂದ್ಮೇಲೆ ತೆಗೀಬೇಕು ತಾನೇ? ಒಂದು ಮಾತಿನ ಮೇಲೆ ನಿಲ್ಲಲ್ವಲ್ಲ ಇವರು!" ಎಂದಳು. ಎದುರುಮನೆ ಅಜ್ಜಿ ಗೇಟಿನ ತನಕ ಬಂದು, "ನಿಮ್ಮನೇಲಾದ್ರೂ ಹೋಯ್ತೇನಮ್ಮ?" ಅಂತ ಆಸೆಯಿಂದ ವಿಚಾರಿಸಿದರು. ಬೇರೆ ದಿನ ಐದು ನಿಮಿಷ ಹೋದರೆ ಲೈನ್‌ಮನ್ನಿನ ಏಳು ತಲೆಮಾರನ್ನು ನೆನೆಯುವವರೂ ಇವರೇ.

ಸಿಕ್ಕಿದ್ದೆಷ್ಟು ಅನ್ನುವುದನ್ನು ಯಾರೂ ನೋಡುವುದಿಲ್ಲ, ಅಂದುಕೊಂಡಿದ್ದೆಷ್ಟು ಅನ್ನುವುದೇ ಲೆಕ್ಕ. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರ ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ ಇತ್ತು. 209 ಹೊಡೆಯಬೇಕು, ಗೇಲ್, ಕೊಹ್ಲಿ ಇಬ್ಬರೇ ಮೊದಲ ವಿಕೆಟ್ಟಿಗೆ 114 ಸೇರಿಸಿದರು. ಸೋತದ್ದು ಎಂಟೇ ರನ್ನಿಂದ. ಇಡೀ ಐಪಿಎಲ್‌ನಲ್ಲಿ ಎರಡನೇ ಸ್ಥಾನ ಬಂತಲ್ಲ ಅಂತ ಒಬ್ಬನಾದರೂ ಅಂದನೇ? ಆ ರಾತ್ರಿ ನಮ್ಮ ಬೀದಿ ಸಾವಿನ ಮನೆಯಾಗಿತ್ತು. ಅದೇ 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋಲು. ಕಪ್ಪಿನ ಮಾತೇ ಬಿಟ್ಟು ಎಲ್ಲರೂ ಎಲೆಕ್ಷನ್ ಮಾತಾಡುತ್ತಿದ್ದಾಗ, ಸತತ ಆರು ಗೆದ್ದು ನಾಲ್ಕನೇ ತಂಡವಾಗಿ ಪ್ಲೇ-ಆಫ್ ಸೇರಿಬಿಟ್ಟರು. ಬರೀ ಸೇರಿದ್ದು! ಪಟಾಕಿ ಸದ್ದಿಗೆ ನಾಯಿಗಳೆಲ್ಲ ಕಾರಿನಡಿ ಸೇರಿದ್ದವು.

1992ರ ಬಾರ್ಸಿಲೋನಾ ಒಲಿಂಪಿಕ್ಸಿನ ವಿಡಿಯೋ ಇಟ್ಟುಕೊಂಡು ಅಮೆರಿಕದ ಮನೋವಿಜ್ಞಾನಿಗಳು ಪದಕ ಗೆದ್ದವರ ಮುಖ ಪರೀಕ್ಷೆ ಮಾಡಿಸಿದ್ದರು. ಬೆಳ್ಳಿಯವರಿಗಿಂತ ಕಂಚಿನವರ ಮುಖದಲ್ಲೇ ಕಳೆ ಹೆಚ್ಚು ಅಂತ 1995ರಲ್ಲಿ ಪ್ರಕಟಿಸಿದರು. ಬೆಳ್ಳಿಯವನಿಗೆ ಚಿನ್ನ ತಪ್ಪಿತೆಂಬ ಸಂಕಟ, ಕಂಚಿನವನಿಗೆ ಬರಿಗೈಲಿ ಹೋಗುವುದು ತಪ್ಪಿತೆಂಬ ಖುಷಿ ಅನ್ನುವುದು ಅವರ ವಿವರಣೆ.

ಹಾಗಾದರೆ ಏನನ್ನೂ ಬಯಸದಿದ್ದರೆ ಆಯಿತಲ್ಲ ಅನ್ನುವವರು ನಮ್ಮ ದೊಡ್ಡಪ್ಪ. ಬಸ್ಸಿಗೆ ಹೊರಟರೆ "ಸೀಟ್ ಸಿಗಲ್ಲ ಬಿಡು", ಆಸ್ಪತ್ರೆಗೆ ಹೊರಟರೆ "ಡಾಕ್ಟ್ರು ಇರಲ್ಲ ಬಿಡು". ಮೊನ್ನೆ ಮದುವೆಯೊಂದರಲ್ಲಿ ಎರಡನೇ ಪಂಕ್ತಿಗೆ ಕೂತಾಗ, "ಹೋಳಿಗೆ ಮೊದಲ್ನೇ ಪಂಕ್ತೀಲೇ ಮುಗಿದಿರುತ್ತೆ, ಬರೆದಿಟ್ಕೊ" ಎಂದರು. ಹೇಳಿದ್ದಷ್ಟೇ ಅಲ್ಲ, ನಂಬಿಕೊಂಡು ಅನ್ನ-ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಅಷ್ಟರಲ್ಲಿ ಬಿಸಿಬಿಸಿ ಹೋಳಿಗೆಯ ತಟ್ಟೆ ಬಂತು, ಹಿಂದೆಯೇ ತುಪ್ಪದ ಗಿಂಡಿ. ಬಡಿಸುವವನು ಕೇಳದೆಯೇ ಎರಡು ಹಾಕಿ, "ಇನ್ನೊಂದು ಹಾಕ್ಲಾ ಯಜಮಾನ್ರೇ?" ಎಂದ.

ದೊಡ್ಡಪ್ಪ ಎಲೆಯನ್ನೂ ನೋಡಿದರು, ಹೊಟ್ಟೆಯನ್ನೂ ನೋಡಿಕೊಂಡರು. "ಇದೆ ಅಂತ ಮೊದಲೇ ಹೇಳೋಕೇನಾಗಿತ್ತಯ್ಯಾ ನಿಂಗೆ?" ಅಂತ ಅವನ ಮೇಲೇ ರೇಗಿದರು.