ಆನ್‌ಲೈನ್ ಬಳಗದವರು ಎದುರಾಬದುರು ಸೇರಬೇಕೇ?

ಪರ: ಒಮ್ಮೆಯಾದರೂ ಮುಖ ನೋಡಿ

ಪರದೆ ಮೇಲಿನ ಮಾತಿಗೆ ದನಿ ಇರುವುದಿಲ್ಲ. ‘ಮತ್ತೆ ನೋಡಿ’ ಅಂತ ಯಾರೋ ಬರೆದರೆ ಅದು ಸಲಹೆಯೋ ಕೊಂಕೋ, ಹೇಗೆ ಗೊತ್ತಾಗಬೇಕು? ನಮ್ಮ ಅನುವಾದ ಬಳಗದಲ್ಲಿ ಇಬ್ಬರು ತಿಂಗಳುಗಟ್ಟಲೆ ಕಿತ್ತಾಡಿದರು. ಒಬ್ಬರ ಟಿಪ್ಪಣಿ ಯಾವಾಗಲೂ ಎರಡೇ ಪದ. ಇನ್ನೊಬ್ಬರಿಗೆ ಅದು ಸೊಕ್ಕಾಗಿ ಕಂಡಿತು. ಬಳಗ ಒಡೆಯುವ ಹಂತಕ್ಕೆ ಬಂತು. ಕೊನೆಗೊಮ್ಮೆ ಎಲ್ಲರೂ ಒಂದೆಡೆ ಸೇರಿದೆವು. ನೋಡಿದರೆ, ಆ ಮನುಷ್ಯ ಎದುರಿಗೆ ಕೂತರೂ ಎರಡೇ ಪದ! ಎಲ್ಲರ ಜತೆಗೂ ಹಾಗೇ. ಇನ್ನೊಬ್ಬರು ನಕ್ಕುಬಿಟ್ಟರು. ಈಗಲೂ ಕಿತ್ತಾಡುತ್ತಾರೆ, ಆದರೆ ಅಲ್ಪವಿರಾಮದ ಬಗ್ಗೆ ಮಾತ್ರ. ನೂರು ಸಂದೇಶ ಬರೆದಿದ್ದರೂ ಇದು ಆಗುತ್ತಿರಲಿಲ್ಲ.

1993ರಲ್ಲಿ ಶುರುವಾದ ಡೆಬಿಯನ್ ತಂತ್ರಾಂಶ ಯೋಜನೆ ಬೆಳೆದದ್ದೇ ಇಂಟರ್ನೆಟ್‌ನಲ್ಲಿ. ಅಲ್ಲೂ ಎದುರಿಗೆ ನಿಂತು, ಗುರುತಿನ ಚೀಟಿ ನೋಡಿ, ಒಬ್ಬರು ಇನ್ನೊಬ್ಬರ ಡಿಜಿಟಲ್ ಕೀಲಿಗೆ, ಅಂದರೆ ಆನ್‌ಲೈನ್‌ನಲ್ಲಿ ಗುರುತು ಸಾಬೀತುಪಡಿಸುವ ಸಂಕೇತಕ್ಕೆ, ಸಹಿ ಹಾಕುವ ರೂಢಿ ಇದೆ. 2000ದಲ್ಲಿ ಫ್ರಾನ್ಸ್‌ನ ಬೋರ್ಡೋ ನಗರದಲ್ಲಿ ಮೊದಲ ಸಮ್ಮೇಳನವನ್ನೂ ನಡೆಸಿದರು. ಕಂಪ್ಯೂಟರನ್ನು ಅರೆದು ಕುಡಿದವರಿಗೇ ಮುಖ ನೋಡಬೇಕು ಅನಿಸಿತು, ಅಲ್ವಾ?

ವಿರೋಧಿಸುವವರು ಖರ್ಚಿನ ಮಾತು ತೆಗೆಯುತ್ತಾರೆ. ಸುಮ್ನೆ ನೆಪ. ಮನೆಯಿಂದ ಏಳಲು ಬೇಜಾರು, ಅಷ್ಟೇ.

ವಿರೋಧ: ಬರಲಾಗದವರ ಗತಿ ಏನು?

ಈ ಕಡೆ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಜನ ಸೇರುವುದು ನನಗೂ ಇಷ್ಟವೇ. ಆದರೂ ಒಂದಿಷ್ಟು ಹೇಳಬೇಕು.

ವೀಸಾ ಸಿಗದವರಿದ್ದಾರೆ. ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಬರಲಾಗದವರಿದ್ದಾರೆ. ನಿಜ ಹೆಸರು ಹೊರಬಿದ್ದರೆ ತೊಂದರೆಗೆ ಸಿಕ್ಕುವವರೂ ಇದ್ದಾರೆ. ಇವರಿಗೆ ಆನ್‌ಲೈನ್ ಬಳಗವೇ ಬಳಗ. ನಂಬಿಕೆಗೆ ಮುಖ ನೋಡಲೇಬೇಕಂತೆ. ಮುಖ ನೋಡಿಯೇ ಮೋಸ ಹೋದವರು ಕಡಿಮೆಯೇ?

ವಿಕಿಪೀಡಿಯದವರ ವಿಕಿಮೇನಿಯಾ ಸಮ್ಮೇಳನ 2005ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಶುರುವಾಯಿತು. ಕೋವಿಡ್‌ನಿಂದ 2020ರ ಬ್ಯಾಂಕಾಕ್ ಸಮ್ಮೇಳನ ನಡೆಯಲಿಲ್ಲ. 2021ರದ್ದು ಆನ್‌ಲೈನ್‌ನಲ್ಲೇ ಆಯಿತು. ವಿಶ್ವಕೋಶ ನಿಂತಿತೇ?

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆಯದಕ್ಕೆ. ಇಂಥ ಸಮ್ಮೇಳನಗಳ ವಿರಾಮದ ಹೊತ್ತಿನಲ್ಲಿ ನಾಲ್ಕು ಜನ ಮೂಲೆಯಲ್ಲಿ ನಿಂತು ಮಾತಾಡಿಕೊಂಡದ್ದು ಮರುದಿನ ಬಳಗದ ನಿಯಮವಾಗುತ್ತದೆ. ‘ಅಲ್ಲೇ ಮಾತಾಡಿದ್ವಲ್ಲ’ ಎಂಬ ಉತ್ತರ ಬೇರೆ. ಸೇರಲಿ, ಬೇಡ ಎನ್ನುವುದಿಲ್ಲ. ತೀರ್ಮಾನವನ್ನು ಮಾತ್ರ ಎಲ್ಲರಿಗೂ ಕಾಣುವ ಕಡೆ ಬರೆದು ಹಾಕಲಿ, ಒಂದು ವಾರ ಕಾಯಲಿ, ಬರಲಾಗದವರ ಮಾತನ್ನೂ ಕೇಳಿ ಜಾರಿಗೆ ತರಲಿ.