ಆರ್‌ಟಿಇ: ಲಾಟರಿ ಎತ್ತುವ ಮೊದಲೇ ಸೀಟು ಹೋಗಿರುತ್ತದೆ

ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಗದಿದ್ದರೆ ಎಲ್ಲರೂ ಬೈಯುವುದು ಸೀಟು ಹಂಚುವ ಲಾಟರಿಯನ್ನು. ಪಾಪ, ಅದರ ತಪ್ಪೇನೂ ಇಲ್ಲ. ‘ನೆರೆಹೊರೆ’ ಅನ್ನುವ ಒಂದು ಪದದಲ್ಲೇ ತೀರ್ಮಾನ ಆಗಿಹೋಗಿರುತ್ತದೆ.

2009ರ ಈ ಕಾಯ್ದೆಯ ಸೆಕ್ಷನ್ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಒಂದನೇ ತರಗತಿಯ ಕನಿಷ್ಠ ಶೇ 25 ಸೀಟುಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು. ಎಲ್‌ಕೆಜಿ ಇದ್ದರೆ ಅಲ್ಲಿಂದಲೇ. ಶಾಲೆಯ ಫೀಸು, ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಸರ್ಕಾರ ತುಂಬಿಕೊಡುತ್ತದೆ. ಕರ್ನಾಟಕದಲ್ಲಿ 2012-13ರಿಂದ ಹೀಗೇ ನಡೆದಿತ್ತು. 2018ರ ಡಿಸೆಂಬರ್ ಕೊನೆಯಲ್ಲಿ ರಾಜ್ಯದ ಆರ್‌ಟಿಇ ನಿಯಮಗಳಲ್ಲಿನ ನಿಯಮ 4ಕ್ಕೆ ತಿದ್ದುಪಡಿ ಬಂತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡುವ ಶಾಲೆಗಳ ಪಟ್ಟಿಗೇ ಬರುವುದಿಲ್ಲ. ನೆರೆಹೊರೆ ಅಂದರೆ ಹಳ್ಳಿಗಳಲ್ಲಿ ಊರಿನ ಗಡಿ, ಬೆಂಗಳೂರಿನಲ್ಲಿ ವಾರ್ಡು. ಸರ್ಕಾರಿ ಶಾಲೆಯೇ ಇಲ್ಲದ ಊರನ್ನು ಹುಡುಕಿ ನೋಡಿ. ಲಕ್ಷದ ಮೇಲಿದ್ದ ಸೀಟುಗಳು ಸಾವಿರಗಳ ಲೆಕ್ಕಕ್ಕೆ ಇಳಿದವು.

ತನ್ನ ಶಾಲೆಗಳು ಖಾಲಿಯಾಗುತ್ತಿರುವಾಗ ಖಾಸಗಿಯವರಿಗೆ ಯಾಕೆ ದುಡ್ಡು ಕೊಡಬೇಕು ಅನ್ನುವ ಸರ್ಕಾರದ ವಾದ ಟೊಳ್ಳಲ್ಲ. 2019ರಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು ಕೂಡ. ಆದರೆ ಸರ್ಕಾರಿ ಶಾಲೆ ಉಳಿಸುವ ಹೊರೆಯನ್ನು ಬಡವರ ಮಕ್ಕಳ ಹೆಗಲಿಗಷ್ಟೇ ಹೊರಿಸಿದ್ದು ಯಾವ ನ್ಯಾಯ? ಫೀಸು ಕಟ್ಟಬಲ್ಲವರಿಗೆ ಯಾವ ವಾರ್ಡೂ ಇಲ್ಲ, ಗಡಿಯೂ ಇಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಭಾಷಾ ನೀತಿಯ ಪ್ರಕರಣದಲ್ಲೇ, ಕಲಿಕೆಯ ಭಾಷಾ ಮಾಧ್ಯಮದ ಆಯ್ಕೆ ತಂದೆತಾಯಿಗೆ ಸೇರಿದ್ದು ಎಂದಿತು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ ಅಲ್ಪಸಂಖ್ಯಾತ ಶಾಲೆಗಳು ಆರ್‌ಟಿಇ ಕಾಯ್ದೆಯ ವ್ಯಾಪ್ತಿಯಿಂದ ಹೊರಗುಳಿದವು. ಒಂದೇ ದಿನ ಆಯ್ಕೆ ಹಿಗ್ಗಿದ್ದೂ ಹೌದು, ಬಡವರ ಮಟ್ಟಿಗೆ ಕುಗ್ಗಿದ್ದೂ ಹೌದು.

ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ಇಂಥದ್ದೇ ನಿಯಮ ತಂದಿತು. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ವಿನಾಯಿತಿ. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ.

ಅರ್ಜಿ ಹಾಕುವವರು ಮೊದಲು ತಮ್ಮ ಊರು ಅಥವಾ ವಾರ್ಡಿನ ಶಾಲಾ ಪಟ್ಟಿ ನೋಡಿ. ಅದು ಖಾಲಿಯಿದ್ದರೆ ಸೈಬರ್ ಸೆಂಟರಿನವರಿಗೆ ಸುಮ್ಮನೆ ದುಡ್ಡು ಕೊಡಬೇಡಿ. ಹೆಚ್ಚಾಗಿ ಎಡವುವುದು ಎರಡು ಕಡೆ: ಆಧಾರ್‌ನಲ್ಲಿ ಹಳೇ ಬಾಡಿಗೆ ಮನೆಯ ವಿಳಾಸ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ದಾಖಲಾದ ಹೆಸರಿಗೂ ಅರ್ಜಿಯ ಹೆಸರಿಗೂ ಕಾಗುಣಿತದ ವ್ಯತ್ಯಾಸ. ಅರ್ಜಿ ಶುರುವಾದ ಮೇಲೆ ತಿದ್ದಿಸಲು ಓಡಾಡಿದರೆ ದಿನ ಸಾಲದು. ಸೀಟು ಹಂಚಿಕೆಯಾದ ಮೇಲೂ ಕೊನೇ ದಿನಾಂಕದೊಳಗೆ ಶಾಲೆಗೆ ಹೋಗಿ ದಾಖಲಾಗದಿದ್ದರೆ ಸೀಟು ಕೈತಪ್ಪುತ್ತದೆ.

ದುಡ್ಡು ಕೊಟ್ಟು ಸೇರಿಸುವವರಿಗೂ ಒಂದು ಮಾತು. ಸೆಕ್ಷನ್ 13 ಎಲ್ಲರಿಗೂ ಅನ್ವಯಿಸುತ್ತದೆ. ಮಗುವನ್ನೋ ತಂದೆತಾಯಿಯನ್ನೋ ಸಂದರ್ಶನ ಮಾಡಿ ಆರಿಸಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000ವರೆಗೆ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟುವರೆಗೆ. ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ದೂರು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಇನ್ನು ನಿಯಮ 4ರ ವಿಷಯ. ಅದನ್ನು ಬದಲಿಸಲು ವಿಧಾನಸಭೆಯಲ್ಲಿ ಮಸೂದೆಯೇನೂ ಬೇಕಿಲ್ಲ. ಬಂದದ್ದು ಗೆಜೆಟ್ ಅಧಿಸೂಚನೆಯಿಂದ, ಹೋಗಬಹುದಾದದ್ದೂ ಹಾಗೆಯೇ.